ನೀವಿನ್ನೂ ಕಟ್ಟಿರದ ನಿಂಬೆಹಣ್ಣು

ಹಾಲ್ಸುಂಡ್ ಬಂದರು, ಉತ್ತರ ಬಂದರುಗಳ ಒಕ್ಕೂಟ
ಕ್ರಿಸ್ತಶಕ 2279, ಫೆಬ್ರವರಿ 30, ಬೆಳಗಿನ ಹತ್ತು ಗಂಟೆ

ರಾಣೆಬೆನ್ನೂರಿನ ಕುಮಾರಿ ರೇಣುಕಾ ಕಮ್ಮಾರ ಅವರ ಸನ್ನಿಧಿಗೆ,

ಮೊದಲಿಗೆ ತಾರೀಖಿನ ಸಮಾಚಾರ. ಫೆಬ್ರವರಿ ಮೂವತ್ತು ಎಂಬುದನ್ನು ಕಂಡ ಕೂಡಲೇ ಇದು ಯಾವನೋ ಪುಂಡನ ಕೆಲಸವೆಂದು ನೀವು ಪತ್ರವನ್ನು ಕಸದ ಬುಟ್ಟಿಗೆ ಹಾಕುವ ಸಂಭವವಿದೆ. ಪುಂಡನ ಕೆಲಸವೆಂಬುದು ನಿಜ; ತಾರೀಖು ಮಾತ್ರ ಸುಳ್ಳಲ್ಲ. ನೂರು ವರ್ಷದ ಹಿಂದೆ ದೊಡ್ಡವರೆಲ್ಲ ಸಭೆ ಸೇರಿ, ಜುಲೈ ಮತ್ತು ಆಗಸ್ಟಿನಿಂದ ಒಂದೊಂದು ದಿನ ಕಿತ್ತು, ಬಡವಾಗಿದ್ದ ಫೆಬ್ರವರಿಗೆ ದಾನ ಮಾಡಿದರು. ಚಳಿಗಾಲಕ್ಕೆ ಎರಡು ದಿನ ಸೇರಿಸುವ ಬುದ್ಧಿ ಅವರಿಗೆ ಹೇಗೆ ಬಂತೋ, ಇಲ್ಲಿನ ಚಳಿಯಲ್ಲಿ ಕುಳಿತವನಿಗೆ ಅರ್ಥವಾಗುವುದಿಲ್ಲ. ಇನ್ನು ನನ್ನ ಮಾತಿನ ಧಾಟಿಯ ಬಗ್ಗೆ ಕ್ಷಮೆ ಕೇಳಬೇಕು. ನಿಮ್ಮ ಕಾಲದ ಕನ್ನಡವನ್ನು ಹಳೆಯ ಅರ್ಜಿಗಳು, ಲಗ್ನಪತ್ರಿಕೆಗಳು ಮತ್ತು ಸರ್ಕಾರಿ ಸುತ್ತೋಲೆಗಳನ್ನು ಓದಿ ಕಲಿತಿದ್ದೇನೆ. ಆದ್ದರಿಂದ ಒಮ್ಮೆ ನಿಮ್ಮನ್ನು ಮದುವೆಗೆ ಕರೆದಂತೆಯೂ ಇನ್ನೊಮ್ಮೆ ನೋಟಿಸು ಕೊಟ್ಟಂತೆಯೂ ಕೇಳಿಸಬಹುದು. ಎರಡೂ ನನ್ನ ಉದ್ದೇಶವಲ್ಲ.

ನಿಮ್ಮನ್ನು ಏನೆಂದು ಕರೆಯಬೇಕೆಂಬುದನ್ನು ಮೂರು ದಿನ ಯೋಚಿಸಿದೆ. ಕಾಲದ ಪ್ರಕಾರ ನೀವು ನನಗೆ ಹತ್ತು ತಲೆಮಾರಿನ ಹಿಂದಿನ ಅಜ್ಜಿ. ವಯಸ್ಸಿನ ಪ್ರಕಾರ ಈ ಪತ್ರ ಮುಟ್ಟುವ ವಾರ ನಿಮಗೆ ಇಪ್ಪತ್ತನಾಲ್ಕು, ನನಗೆ ಇಪ್ಪತ್ತೆರಡು. ರೇಣುಕಕ್ಕ ಎನ್ನುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನನ್ನ ಹೆಸರು ಓಬಳೇಶ, ಊರು ಚಳ್ಳಕೆರೆ. ಚಳ್ಳಕೆರೆ ಈಗಲೂ ಇದೆ. ಬಿಸಿಲು ಕೂಡ ಇದೆ.

ಈ ಪತ್ರ ನಿಮಗೆ ಬರುವ ದಾರಿಗೆ ನಾವು ಹಿಂದಂಚೆ ಎನ್ನುತ್ತೇವೆ. ಮುಂದಕ್ಕೆ ಹೋಗುವ ಅಂಚೆ ಇದ್ದಹಾಗೆ ಹಿಂದಕ್ಕೆ ಹೋಗುವುದೂ ಒಂದಿದೆ. ಈ ವಿದ್ಯಾಪೀಠವನ್ನು ಬಿಟ್ಟು ಹೊರಡುವ ಪ್ರತಿ ವಿದ್ಯಾರ್ಥಿಗೂ, ತನ್ನ ಕೆಲಸವನ್ನು ತನಗಿಂತ ಮೊದಲು ಮಾಡಿದವರಿಗೆ ಒಂದೇ ಒಂದು ಪತ್ರ ಬರೆಯುವ ಹಕ್ಕು ಉಂಟು. ಪತ್ರಗಳು ತಪ್ಪದೆ ಮುಟ್ಟುತ್ತವೆಂದು ಇಲಾಖೆಯವರು ಎದೆ ತಟ್ಟಿ ಹೇಳುತ್ತಾರೆ. ಮುಟ್ಟಿದ್ದಕ್ಕೆ ರಸೀದಿ ಮಾತ್ರ ಇದುವರೆಗೆ ಯಾರಿಗೂ ಬಂದಿಲ್ಲ. ನೀವು ತೂಕ ತೂಗುಹಾಕಿದ ವಾರದಲ್ಲೇ ಸಿಗುವಂತೆ ವಿಳಾಸ ಬರೆದಿದ್ದೇನೆ. ಅಂದರೆ ನೀವು ಇನ್ನೂ ಮಾಡಿರದ ಒಂದು ತಪ್ಪಿನ ವಿಚಾರವಾಗಿ ನಿಮಗೆ ಬರೆಯುತ್ತಿದ್ದೇನೆ. ಇದಕ್ಕಿಂತ ದೊಡ್ಡ ಅಧಿಕಪ್ರಸಂಗ ನನ್ನ ಜನ್ಮದಲ್ಲಿ ನನ್ನಿಂದ ಆಗಿಲ್ಲ, ಆಗಿರುವುದು ಕಡಿಮೆಯೇನಲ್ಲ.

ತೂಕದ ವಿಷಯ ನಿಮಗೇ ಹೇಳಬೇಕಾಗಿಲ್ಲ, ಆದರೂ ಪತ್ರ ಬೇರೆಯವರ ಕೈಗೆ ಸಿಕ್ಕರೆ ಅವರಿಗೂ ತಿಳಿಯಲೆಂದು ಹೇಳುತ್ತೇನೆ. ನೀವು ಪರದೇಶಕ್ಕೆ ದ್ರವ್ಯವಿಜ್ಞಾನ ಓದಲು ಬಂದಿರಿ. ಪುಟ್ಟ ಕುಲುಮೆಯೊಳಗೆ ಕಿರುಬೆರಳಿನಷ್ಟು ದಪ್ಪದ ಉಕ್ಕಿನ ಸರಳನ್ನು ನಿಲ್ಲಿಸಿ, ಅದರ ತುದಿಗೆ ಸನ್ನೆಗೋಲಿನಿಂದ ಭಾರ ಕೊಟ್ಟು, ಬಿಸಿಯಲ್ಲಿ ಅದು ಎಷ್ಟೆಷ್ಟು ಎಳೆದುಕೊಳ್ಳುತ್ತದೆಂದು ಅಳೆಯತೊಡಗಿದಿರಿ. ನಿಮ್ಮವರು ಇದಕ್ಕೆ ಕ್ರೀಪ್ ಪರೀಕ್ಷೆ ಎನ್ನುತ್ತಾರೆ. ನಾಲ್ಕು ವರ್ಷದಲ್ಲಿ ಮುಗಿಸಿ ಪದವಿ ಪಡೆದು ಹೋಗುವ ಅಂದಾಜು ನಿಮ್ಮದು. ಸರಳಿನ ಅಂದಾಜು ಬೇರೆಯಿತ್ತು. ಅದು ತುಂಡಾಗಲಿಲ್ಲ. ನಿಮ್ಮ ನಂತರದವರು ಇರಲಿ ಎಂದರು, ಅವರ ನಂತರದವರು ಆರಿಸುವುದೇಕೆ ಎಂದರು, ಆಮೇಲಿನವರಿಗೆ ಆರಿಸುವ ಧೈರ್ಯ ಸಾಲಲಿಲ್ಲ. ಕಟ್ಟಡವನ್ನು ಮೂರು ಸಲ ಕೆಡವಿ ಸರಳಿನ ಸುತ್ತಲೇ ಮತ್ತೆ ಕಟ್ಟಿದರು. ಇನ್ನೂರ ಐವತ್ತೆರಡು ವರ್ಷದಲ್ಲಿ ಅದು ಒಂದು ಅಕ್ಕಿಕಾಳಿನ ಅಗಲದಷ್ಟು ಉದ್ದವಾಗಿದೆ. ಜಗತ್ತಿನಲ್ಲಿ ಇಷ್ಟು ನಿಧಾನವಾಗಿ ಓಡಾಡಿ ಇಷ್ಟು ಮರ್ಯಾದೆ ಗಿಟ್ಟಿಸಿದ ವಸ್ತು ಇನ್ನೊಂದಿಲ್ಲ.

ನಮ್ಮ ಕಾಲದಲ್ಲಿ ಹೊಸ ಲೋಹಗಳನ್ನು ಲೆಕ್ಕದಲ್ಲೇ ಹುಟ್ಟಿಸಿ, ಬೆಳಿಗ್ಗೆ ಬಿತ್ತಿ, ಮಧ್ಯಾಹ್ನಕ್ಕೆ ಕೊಯ್ಯುತ್ತಾರೆ. ಅದು ಎಷ್ಟು ವರ್ಷ ಬಾಳುತ್ತದೆಂದು ಲೆಕ್ಕವೇ ಹೇಳುತ್ತದೆ. ಕುಳಿತು ಕಾಯುವ ಕೆಲಸ ಯಾರಿಗೂ ಬೇಡ. ಆದರೆ ನಿಮ್ಮ ಸರಳು ದೇಶದ ಆಸ್ತಿಯಾದ್ದರಿಂದ ಕಾಯಲೇಬೇಕು. ಹೀಗಾಗಿ ಕಾವಲುಪದವಿ ಎಂಬ ಸ್ನಾತಕೋತ್ತರ ವ್ಯಾಸಂಗವನ್ನು ಏರ್ಪಡಿಸಿ, ಊರಿನ ಮಕ್ಕಳಾರೂ ಅರ್ಜಿ ಹಾಕದ ಕಾರಣ ಪರದೇಶದ ವಿದ್ಯಾರ್ಥಿಗಳಿಗೆ ಅದನ್ನು ತೆರೆದಿಟ್ಟರು. ಪತ್ರಿಕೆಯಲ್ಲಿ 'ಐತಿಹಾಸಿಕ ದ್ರವ್ಯಗಳ ದೀರ್ಘಾವಲೋಕನ' ಎಂದಿತ್ತು. ಅದನ್ನು ನೋಡಿ ನಾನು ಎದೆಯುಬ್ಬಿಸಿ ಬಂದೆ. ಹೊರಡುವಾಗ ನನ್ನಕ್ಕ ಬೋರಮ್ಮ ಹೇಳಿದ್ದು ಬೇರೆ: "ಲೇ ಓಬಳೇಶ, ಕಬ್ಬಿಣ ಕಾಯಾಕೆ ಅಷ್ಟು ದೂರ ಹೋಗ್ಬೇಕೇನೋ? ನಮ್ಮ ಹಿತ್ತಲ ಗೇಟು ತುಕ್ಕು ಹಿಡೀತಾ ಬಿದ್ದೈತೆ, ಅದನ್ನೇ ಕಾಯ್ಕಂಡು ಕುಂತ್ಕಬೋದಿತ್ತಲ್ಲ."

ಇಲ್ಲಿನ ಜೀವನವನ್ನು ಸ್ವಲ್ಪ ವಿವರಿಸುತ್ತೇನೆ. ನಾವಿರುವ ಕೋಣೆಗಳಿಗೆ ಒಗ್ಗುಗೋಡೆಗಳಿವೆ. ಒಳಗೆ ಎಷ್ಟು ಜನ ಇರುತ್ತಾರೋ ಅಷ್ಟಕ್ಕೆ ಹೊಂದಿಕೊಳ್ಳುವ ಒಂದು ಬಗೆಯ ಮೃದುವಾದ ಗಾರೆ ಅದು. ನಾನು ಬಂದ ದಿನ ಕೋಣೆಯಲ್ಲಿ ಎರಡು ಕುರ್ಚಿ, ಎರಡು ಕಿಟಕಿ ಇದ್ದವು. ಎರಡನೆಯ ತಿಂಗಳಿನಲ್ಲಿ ಒಂದು ಕುರ್ಚಿ ನೆಲದೊಳಕ್ಕೆ ಕರಗಿತು, ಯಾರೂ ಕೂರುವುದಿಲ್ಲವೆಂದು ಗೋಡೆಗೆ ಖಾತ್ರಿಯಾಗಿತ್ತು. ನಾಲ್ಕನೆಯ ತಿಂಗಳಿಗೆ ಮಂಚ ಅರ್ಧ ಗೇಣು ಕಿರಿದಾಯಿತು. ನಾನು ದೂರು ಕೊಟ್ಟೆ. ಗೋಡೆಯದು ತಪ್ಪಿಲ್ಲ, ನಿಮ್ಮ ಅಗತ್ಯಕ್ಕೆ ಸರಿಯಾಗಿಯೇ ಇದೆ ಎಂದು ಉತ್ತರ ಬಂತು. ಅಳೆದು ನೋಡಿದೆ. ಸರಿಯಾಗಿಯೇ ಇತ್ತು.

ಭಾಷೆಯ ತೊಂದರೆ ಇಲ್ಲವೆಂದು ಬರುವ ಮೊದಲೇ ಭರವಸೆ ಕೊಟ್ಟಿದ್ದರು. ಪ್ರತಿಯೊಬ್ಬರ ಕಿವಿಯಲ್ಲೂ ಕಡಲೆಕಾಳಿನಷ್ಟು ದೊಡ್ಡದಾದ ಕಿವಿಗೂಡು ಇರುತ್ತದೆ. ಯಾರು ಯಾವ ಭಾಷೆಯಲ್ಲಿ ಮಾತಾಡಿದರೂ ಅದು ನಮ್ಮ ಭಾಷೆಯಲ್ಲಿ ಒಪ್ಪಿಸುತ್ತದೆ. ಎಲ್ಲರದ್ದೂ ಒಂದೇ ದನಿ, ವಾರ್ತೆ ಓದುವ ದನಿ. ಬಸ್ಸಿನಲ್ಲಿ ಕಾಲು ತುಳಿದವನು "ತಮ್ಮ ಪಾದಕ್ಕೆ ಆದ ಅಡಚಣೆಗಾಗಿ ವಿಷಾದಿಸುತ್ತೇನೆ" ಎನ್ನುತ್ತಾನೆ. ಹೀಗೆ ಹದಿನಾಲ್ಕು ತಿಂಗಳು ಇಡೀ ಒಂದು ಊರು ನನ್ನೊಡನೆ ಶುದ್ಧ ಕನ್ನಡದಲ್ಲಿ ಮಾತಾಡಿತು, ಯಾರೂ ನನ್ನೊಡನೆ ಮಾತಾಡಿದರೆಂದು ಅನ್ನಿಸಲಿಲ್ಲ. ಇದಕ್ಕಿಂತ ಕೆಟ್ಟದ್ದೆಂದರೆ, ಆಡುವವನ ದನಿಯಲ್ಲಿ ಚೇಷ್ಟೆಯ ವಾಸನೆ ಬಡಿದ ಕೂಡಲೇ ಕಿವಿಗೂಡು ಕೇಳುವವನಿಗೆ "ಮುಂದಿನದು ಹಾಸ್ಯವಿರಬಹುದು" ಎಂದು ಮುನ್ಸೂಚನೆ ಕೊಡುತ್ತದೆ. ನನ್ನ ಮಾತು ಮುಗಿಯುವ ಮೊದಲೇ ಎದುರಿಗಿದ್ದವರು ಸಭ್ಯವಾಗಿ ನಗಲು ಸಿದ್ಧರಾಗುತ್ತಿದ್ದರು. ಪುಂಡನೊಬ್ಬನಿಗೆ ಇದಕ್ಕಿಂತ ಘೋರವಾದ ಸೆರೆವಾಸ ಬೇಕೇ?

ಬರವಣಿಗೆಯಲ್ಲಾದರೂ ನೋಡೋಣವೆಂದು, ಪಕ್ಕದ ಅಂಕಣದಲ್ಲಿ ಎಂಬತ್ತು ವರ್ಷ ಎಳೆದು ತುಂಡಾದ ಒಂದು ತಾಮ್ರದ ತಂತಿಗೆ ಶ್ರದ್ಧಾಂಜಲಿ ಪತ್ರ ಬರೆದು ಬಾಗಿಲಿಗೆ ಅಂಟಿಸಿದೆ. 'ಅಲ್ಪಕಾಲದ ಎಳೆತದಿಂದ ಬಳಲಿ, ಬಂಧುಮಿತ್ರರನ್ನು ಅಗಲಿದ' ಎಂದೆಲ್ಲ ಇತ್ತು. ಮರುದಿನ ಹನ್ನೆರಡು ಜನ ಕಪ್ಪು ಬಟ್ಟೆಯಲ್ಲಿ ಬಂದು ತಂತಿಯ ಮುಂದೆ ತಲೆಬಾಗಿ ಎರಡು ನಿಮಿಷ ನಿಂತರು. ಇಲ್ಲಿ ನಿಜವಾಗಿಯೂ ಹಾಗೆ ಮಾಡುತ್ತಾರೆಂಬುದು ನನಗೆ ಗೊತ್ತಿರಲಿಲ್ಲ. ನಾನೂ ನಿಂತೆ. ಒಂದು ನಿಮಿಷ ನಗು ತಡೆದುಕೊಂಡೆ. ಎರಡನೆಯ ನಿಮಿಷ ತಡೆದುಕೊಂಡದ್ದು ನಗುವಾಗಿರಲಿಲ್ಲ.

ಆ ಹನ್ನೆರಡು ಜನರಲ್ಲಿ ಒಬ್ಬರು ಹಾಲ್ವರ್ ಮೇಷ್ಟ್ರು. ಎಂಬತ್ತೊಂದು ವರ್ಷ, ಒಂಟಿ ಮನುಷ್ಯ, ನಿಮ್ಮ ಸರಳಿನ ಮೇಲೆ ನಾಲ್ಕು ಸಂಪುಟಗಳನ್ನು ಬರೆದವರು. ಅವರು ನನ್ನ ಕೈ ಹಿಡಿದು ಏನೋ ಹೇಳಿದರು. ಕಿವಿಗೂಡು "ತಾವು ಲೋಹವನ್ನು ಗೌರವಿಸುವವರು, ಗುರುವಾರ ಸೂಪು ಸ್ವೀಕರಿಸಲು ಬರಬೇಕು" ಎಂದು ಓದಿತು. ಅಂದಿನಿಂದ ಪ್ರತಿ ಗುರುವಾರ ಕುಲುಮೆಯ ಪಕ್ಕದಲ್ಲಿ ಕುಳಿತು ಇಬ್ಬರೂ ಮೀನಿನ ಸೂಪು ಕುಡಿಯುತ್ತಿದ್ದೆವು. ಅದರಲ್ಲಿ ಉಪ್ಪೂ ಇಲ್ಲ, ಖಾರವಂತೂ ಈ ದೇಶಕ್ಕೇ ಬಂದಿಲ್ಲ. ಆದರೂ ವಾರದ ಉಳಿದ ಆರು ದಿನ ನಾನು ಗುರುವಾರ ಯಾವಾಗ ಬರುತ್ತದೆಂದು ನೋಡುತ್ತಿದ್ದೆ.

ಮೇಷ್ಟ್ರು ನಿಮ್ಮ ಸರಳನ್ನು ಪ್ರೀತಿಸಿದ್ದು ಮೂರು ಉಬ್ಬುಗಳಿಗಾಗಿ. ಸರಳು ಉದ್ದವಾಗುವುದನ್ನು ತೋರಿಸುವ ಗೆರೆ ಇನ್ನೂರ ಐವತ್ತೆರಡು ವರ್ಷವೂ ಮೆಲ್ಲಗೆ, ನೆಟ್ಟಗೆ ಏರುತ್ತದೆ. ಆದರೆ ನಿಮ್ಮ ಮೊದಲ ಮೂರು ವರ್ಷಗಳಲ್ಲಿ, ವರ್ಷಕ್ಕೆ ಒಂದು ದಿನ, ಅದು ಕೂದಲಿನ ದಪ್ಪದ ನೂರನೆಯ ಒಂದು ಪಾಲಿನಷ್ಟು ಥಟ್ಟನೆ ಮೇಲೆದ್ದು, ಒಂದು ದಿನ ಹಾಗೇ ನಿಂತು, ಮರುದಿನ ಬೆಳಿಗ್ಗೆ ಥಟ್ಟನೆ ಇಳಿಯುತ್ತದೆ. ಮೊದಲ ವರ್ಷ ಅಕ್ಟೋಬರಿನ ಮೂರನೆಯ ವಾರ. ಮರುವರ್ಷ ಹನ್ನೊಂದು ದಿನ ಮುಂಚೆ. ಮೂರನೆಯ ವರ್ಷ ಅದಕ್ಕೂ ಹನ್ನೆರಡು ದಿನ ಮುಂಚೆ. ಈ ಮುಂಚಾಗುವಿಕೆ ಚಂದ್ರನ ನಡಿಗೆಗೆ ಸರಿಯಾಗಿ ಹೊಂದುತ್ತದೆಂದು ಮೇಷ್ಟ್ರು ತಮ್ಮ ನಲವತ್ತನೆಯ ವಯಸ್ಸಿನಲ್ಲಿ ಕಂಡುಹಿಡಿದರು. ಎಳೆಯ ಉಕ್ಕು ವರ್ಷಕ್ಕೊಮ್ಮೆ ಚಂದ್ರನ ಸೆಳೆತಕ್ಕೆ ಉಸಿರೆಳೆದುಕೊಳ್ಳುತ್ತದೆ, ಪ್ರಾಯಕ್ಕೆ ಬಂದ ಮೇಲೆ ನಿಲ್ಲಿಸುತ್ತದೆ ಎಂಬುದು ಅವರ ಸಿದ್ಧಾಂತ. ಕನ್ನಡದಲ್ಲಿ ಚಂದ್ರೋಚ್ಛ್ವಾಸ ಎನ್ನಬಹುದು. ಅರ್ಧ ಜಗತ್ತು ಒಪ್ಪಿತು, ಅರ್ಧ ಜಗತ್ತು ನಕ್ಕಿತು. ಇನ್ನೊಂದು ಸಲ ಉಸಿರಾಡಿದರೆ ಸಾಕು ಎಂದು ಅವರು ನಲವತ್ತೊಂದು ವರ್ಷ ಗೆರೆ ನೋಡುತ್ತಾ ಕುಳಿತರು.

ನಾನು ನಿಮ್ಮನ್ನು ಪತ್ತೆ ಹಚ್ಚಿದ್ದು ಬೇಸರದಿಂದ. ಕಾವಲಿನಲ್ಲಿ ಮಾಡಲು ಏನೂ ಇಲ್ಲದೆ ನಿಮ್ಮ ಹಳೆಯ ರಿಜಿಸ್ಟರುಗಳನ್ನು ಓದತೊಡಗಿದೆ. ಮೊದಲನೆಯದರ ಒಳರಟ್ಟಿನ ಮೇಲೆ, ಶಾಲೆಯ ಮಕ್ಕಳು ಬರೆದುಕೊಳ್ಳುವಂತೆ, ಕನ್ನಡದಲ್ಲಿ ರೇಣುಕಾ ಕಮ್ಮಾರ, ರಾಣೆಬೆನ್ನೂರು ಎಂದಿತ್ತು. ಇನ್ನೂರ ಐವತ್ತೆರಡು ವರ್ಷದಲ್ಲಿ ಎಷ್ಟೋ ಜನ ಆ ಪುಟ ತೆರೆದಿದ್ದಾರೆ. ಅವರಿಗೆ ಅದು ಸುರುಳಿ ಸುರುಳಿಯಾದ ಗೆರೆ. ನಾನು ಆ ಅಕ್ಷರಗಳ ಮೇಲೆ ಬೆರಳಾಡಿಸಿದೆ. ಆಮೇಲೆ ಎಲ್ಲ ಪುಟಗಳನ್ನೂ ಓದಿದೆ. ಯಂತ್ರವೇ ಎಲ್ಲ ದಾಖಲಿಸುತ್ತಿದ್ದರೂ ನೀವು ದಿನಕ್ಕೆ ಮೂರು ಸಲ ಕೈಯಲ್ಲಿ ಬರೆದು ಸಹಿ ಹಾಕಿದ್ದೀರಿ. ಭಾನುವಾರಗಳಲ್ಲೂ ಹಾಕಿದ್ದೀರಿ. ಎಲ್ಲರೂ ಮನೆ ಸೇರುವ ಕ್ರಿಸ್‌ಮಸ್ಸಿನ ದಿನ ಐದು ಸಲ. ರಜೆಯ ದಿನ ಉಕ್ಕಿನ ಸರಳನ್ನು ಐದು ಸಲ ಹೋಗಿ ಮಾತಾಡಿಸಿ ಬರುವವರು ಹೇಗಿರುತ್ತಾರೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕಮ್ಮಾರ ಎಂಬ ಹೆಸರೂ ಉಬ್ಬಿನ ತಾರೀಖುಗಳೂ ತಲೆಯಲ್ಲಿ ಒಂದಕ್ಕೊಂದು ಉಜ್ಜತೊಡಗಿದವು. ಅಕ್ಕನೊಡನೆ ಮಾತಾಡುವಾಗ ಮೂರು ತಾರೀಖು ಕೊಟ್ಟು ಹಳೆಯ ಪಂಚಾಂಗ ನೋಡಲು ಹೇಳಿದೆ. ಅವಳು ಐದೇ ನಿಮಿಷದಲ್ಲಿ ಹೇಳಿದಳು: "ಮೂರೂ ಮಾರ್ನಾಮಿನೇ ಕಣೋ. ಆಯುಧಪೂಜೆ ದಿನ. ಯಾಕೆ, ಆ ಕಾಲ್ದಾಗೆ ನಿಂಗೆ ಯಾರಾನ ಹೆಣ್ಣು ನೋಡಿಟ್ಟಿದ್ರಾ?"

ನನಗೆ ಎಲ್ಲ ಕಣ್ಣಿಗೆ ಕಟ್ಟಿತು. ನಿಮ್ಮ ಕಡೆ ಖಂಡೇಪೂಜೆ ಎನ್ನುತ್ತೀರಂತೆ. ದುಡಿಯುವ ಸಾಮಾನಿಗೆಲ್ಲ ಆ ದಿನ ಬಿಡುವು ಕೊಟ್ಟು, ತೊಳೆದು, ಕುಂಕುಮ ಹಚ್ಚಿ, ಹೂವು ಏರಿಸಿ, ನಿಂಬೆಹಣ್ಣು ಕಟ್ಟುವುದು. ನಿಮ್ಮ ಬಳಿ ಇದ್ದ ಸಾಮಾನು ಅದೊಂದೇ. ಅದಕ್ಕೆ ಬಿಡುವು ಕೊಡುವಂತಿಲ್ಲ, ಕುಲುಮೆ ಮುಟ್ಟುವಂತಿಲ್ಲ. ಹಾರ ನೇತುಹಾಕಲು ಜಾಗವಿದ್ದದ್ದು ಸನ್ನೆಗೋಲಿನ ತುದಿಯ ತೂಕದ ಕೊಂಡಿಯಲ್ಲಿ ಮಾತ್ರ. ಅಲ್ಲಿ ಕಟ್ಟಿದ ಒಂದು ಹಿಡಿ ಭಾರ ಸರಳಿಗೆ ಹತ್ತು ಹಿಡಿಯಾಗಿ ತಗಲುತ್ತದೆಂದು ಹಬ್ಬದ ದಿನ ಯಾರಿಗೆ ನೆನಪಿರುತ್ತದೆ? ಮೂರೂ ಉಬ್ಬುಗಳು ಸಂಜೆಯ ಹೊತ್ತಿಗೆ ಎಳ್ಳಷ್ಟು ಇಳಿಯುತ್ತವೆ. ಚಂದ್ರನ ಸೆಳೆತ ಸಡಿಲವಾಗುವ ಗುರುತು ಎಂದು ಮೇಷ್ಟ್ರು ಬರೆದಿದ್ದಾರೆ. ಕುಲುಮೆಯ ಪಕ್ಕದಲ್ಲಿ ಹೂವು ಬಾಡಿ ಹಗುರಾದ ಗುರುತು ಅದು.

ಇಲ್ಲಿಂದ ಮುಂದಿನದು ನನ್ನ ಅಪರಾಧ. ಹೋದ ವರ್ಷದ ಆಯುಧಪೂಜೆಯ ಬೆಳಿಗ್ಗೆ ನಾನೂ ಕಟ್ಟಿದೆ. ಪರೀಕ್ಷಿಸಿ ನೋಡಲಿಕ್ಕೆಂದು ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ಹಬ್ಬ ಮಾಡಲು ಜೊತೆಯಿರಲಿಲ್ಲ, ನೀವು ನಿಂತಿದ್ದ ಜಾಗವಿತ್ತು. ಗಾಜುತೋಟದ ಅಂಗಡಿಯಲ್ಲಿ ಚೆಂಡುಹೂವು ಸಿಕ್ಕಿತು. ನಿಂಬೆಹಣ್ಣನ್ನು ಇಲ್ಲಿ ಪೆಟ್ಟಿಗೆಯಲ್ಲಿ ಜೋಡಿಸಲು ಅನುಕೂಲವೆಂದು ಚೌಕವಾಗಿ ಬೆಳೆಯುತ್ತಾರೆ, ಚೌಕವಾದದ್ದನ್ನೇ ಕಟ್ಟಿದೆ. ಕುಂಕುಮವಿಟ್ಟು, ಕಿವಿಗೂಡಿಗೂ ಒಂದು ಬೊಟ್ಟು ಇಟ್ಟು, ಕೈಮುಗಿದೆ. ಮರುದಿನ ಬೆಳಿಗ್ಗೆ ಎಲ್ಲ ಬಿಚ್ಚಿ ಒರೆಸಿದೆ. ಗೆರೆಯಲ್ಲಿ ನಾಲ್ಕನೆಯ ಉಬ್ಬು ಎದ್ದಿತ್ತು. ಗುರುವಾರ ಮೇಷ್ಟ್ರಿಗೆ ತೋರಿಸಿ ಎಲ್ಲವನ್ನೂ ಹೇಳುವುದೆಂದು ನಿಶ್ಚಯಿಸಿದ್ದೆ.

ಗುರುವಾರದವರೆಗೆ ಅವರು ಕಾಯಲಿಲ್ಲ. ಅದೇ ಬೆಳಿಗ್ಗೆ ಕೋಟಿನ ಗುಂಡಿ ತಪ್ಪುತಪ್ಪಾಗಿ ಹಾಕಿಕೊಂಡು ಓಡಿಬಂದರು. ಗೆರೆಯ ಮೇಲೆ ಕೈಯಿಟ್ಟು ನಿಂತರು, ಆಮೇಲೆ ನನ್ನ ಭುಜ ಹಿಡಿದುಕೊಂಡು ಅತ್ತರು. ಕಿವಿಗೂಡಿನ ವಾರ್ತೆಯ ದನಿ "ಓಬಳೇಶ ಅವರೇ, ಅದು ಉಸಿರಾಡಿದೆ, ನಾನು ಇರುವಾಗಲೇ ಉಸಿರಾಡಿದೆ" ಎಂದಿತು. ನಾನು ಬಾಯಿ ತೆರೆದೆ. ನಿಂಬೆಹಣ್ಣು ಎಂದೆ. ಅವರ ಕಿವಿಗೂಡು ನನ್ನ ಹಳೆಯ ಚಾಳಿ ನೆನೆದು ಹಾಸ್ಯದ ಮುನ್ಸೂಚನೆ ಕೊಟ್ಟಿರಬೇಕು. ಅವರು ಕಣ್ಣೊರೆಸಿಕೊಳ್ಳುತ್ತಾ ಸಭ್ಯವಾಗಿ ನಕ್ಕು, ನನ್ನ ಬೆನ್ನು ತಟ್ಟಿದರು. ನಾನು ಬಾಯಿ ಮುಚ್ಚಿದೆ.

ಏಳು ವಾರ ಮುಚ್ಚಿಕೊಂಡೇ ಇದ್ದೆ. ಅಕಾಡೆಮಿಯವರು ಮೇಷ್ಟ್ರಿಗೆ ಪದಕ ಕೊಡುವುದೆಂದೂ ಜನವರಿಯಲ್ಲಿ ಅವರು ಎಲ್ಲ ದೇಶದ ಪಂಡಿತರ ಎದುರು ನಾಲ್ಕನೆಯ ಉಸಿರಿನ ವಿಷಯ ಮಾತಾಡುವುದೆಂದೂ ಗೊತ್ತಾಯಿತು. ಅವರು ಹೊಸ ಕೋಟು ಹೊಲಿಸಿದರು. ಪ್ರತಿ ಗುರುವಾರ ಭಾಷಣದ ಒಂದೊಂದು ಪುಟ ಓದಿ ಹೇಳಿದರು. ಹೇಳಿದರೆ ಅವರ ನಲವತ್ತೊಂದು ವರ್ಷ ಹೋಗುತ್ತದೆ, ನನ್ನ ಪದವಿಯೂ ಹೋಗುತ್ತದೆ. ದೇಶದ ಆಸ್ತಿಗೆ ಹೂವು ಕಟ್ಟಿದವನನ್ನು ಇಲ್ಲಿ ಯಾರೂ ಇಟ್ಟುಕೊಳ್ಳುವುದಿಲ್ಲ. ಎಲ್ಲಕ್ಕಿಂತ ಮೊದಲು ಗುರುವಾರ ಹೋಗುತ್ತದೆ. ನಿಮ್ಮಲ್ಲಿ ಸುಳ್ಳು ಹೇಳುವುದಿಲ್ಲ ರೇಣುಕಕ್ಕ, ನಾನು ಹೆದರಿದ್ದು ಆ ಕೊನೆಯದಕ್ಕೆ. ಹೇಳದಿದ್ದರೆ ಅವರು ಜಗತ್ತಿನ ಮುಂದೆ ನಿಂತು ನನ್ನ ಚೌಕದ ನಿಂಬೆಹಣ್ಣನ್ನು ಚಂದ್ರನೆಂದು ತೋರಿಸುತ್ತಾರೆ.

ಡಿಸೆಂಬರಿನ ಒಂದು ಗುರುವಾರ, ಭಾಷಣದ ಕೊನೆಯ ಪುಟ ಓದುವ ಮೊದಲು, ನನ್ನ ಕಿವಿಗೂಡು ಕಿತ್ತು ಮೇಜಿನ ಮೇಲಿಟ್ಟೆ. ಅವರದ್ದನ್ನೂ ತೆಗೆಯಲು ಸನ್ನೆ ಮಾಡಿದೆ. ಅವರ ಭಾಷೆಯಲ್ಲಿ ಕಲಿತಿದ್ದ ಮೂವತ್ತು ಮಾತುಗಳಲ್ಲಿ ಹೇಳಿದೆ: "ನಾನು. ಕಟ್ಟಿದ್ದು ನಾನು. ಹಣ್ಣು, ಹೂವು. ಇಲ್ಲಿ. ಮೊದಲು ಅವಳು. ಆಮೇಲೆ ನಾನು. ಚಂದ್ರ ಅಲ್ಲ." ಬಿಚ್ಚುವಾಗ ಸಿಕ್ಕಿಕೊಂಡು ಕೊಂಡಿಯಲ್ಲೇ ಉಳಿದಿದ್ದ ಒಂದೆಳೆ ದಾರವನ್ನು ತೋರಿಸಿದೆ.

ಅವರು ಬಾಗಿ ದಾರವನ್ನು ಬೆರಳಲ್ಲಿ ಮುಟ್ಟಿ ನೋಡಿದರು. ಆಮೇಲೆ ಅವರ ಸ್ವಂತ ದನಿಯನ್ನು ನಾನು ಮೊದಲ ಸಲ ಕೇಳಿದೆ. ಸ್ವಲ್ಪ ಒಡಕು ದನಿ, ವಾರ್ತೆಯ ದನಿಗಿಂತ ಚಿಕ್ಕದು. ಕೇಳಿದ್ದು ಎರಡೇ ಮಾತು: "ಎಷ್ಟು ಗ್ರಾಮು?"

ತೂಗಲಿಲ್ಲ ಎಂದೆ. ಅವಳು ತೂಗಿದ್ದಳೇ ಎಂದರು. ಇಲ್ಲ, ರಿಜಿಸ್ಟರಿನಲ್ಲಿಲ್ಲ ಎಂದೆ. ಅವರ ಮುಖ ಕೆಂಪಾಯಿತು. ಸಿದ್ಧಾಂತ ಮುರಿದಾಗ ಬಾರದ ಸಿಟ್ಟು ಆಗ ಬಂತು. ಅವರ ಭಾಷೆಯಲ್ಲಿ ಬೈದದ್ದು ಪೂರ್ತಿ ತಿಳಿಯಲಿಲ್ಲ. ಒಂದೇ ದೇಶದಿಂದ ಇನ್ನೂರ ಐವತ್ತೆರಡು ವರ್ಷದ ಅಂತರದಲ್ಲಿ ಇಬ್ಬರು ಬಂದಿರಿ, ತಕ್ಕಡಿಯ ಪಕ್ಕದ ಕೋಣೆಯಲ್ಲೇ ಕುಳಿತಿರಿ, ಇಬ್ಬರಲ್ಲಿ ಒಬ್ಬರೂ ತೂಗಲಿಲ್ಲ ಎಂಬುದು ಮಾತ್ರ ತಿಳಿಯಿತು. ಸಿಟ್ಟು ಇಳಿದ ಮೇಲೆ, ಯಂತ್ರಕ್ಕೆ ಹೂವು ಯಾಕೆ ಎಂದು ಕೇಳಿದರು. ದಿನಾ ದುಡಿಯುತ್ತದಲ್ಲ ಅದಕ್ಕೆ, ಎಂದೆ. ಅವರು ಎದ್ದು ಹೊಸ ಕೋಟಿನ ಜೇಬಿನಿಂದ ಪೆನ್ನು ತೆಗೆದು ರಿಜಿಸ್ಟರಿನಲ್ಲಿ ಆ ತಾರೀಖಿನ ಪಕ್ಕ ಬರೆದರು: ಹಣ್ಣು ಮತ್ತು ಹೂವು, ತೂಕ ತಿಳಿದಿಲ್ಲ. ತಾವು ಸಹಿ ಹಾಕಿ ನನ್ನ ಕಡೆ ತಿರುಗಿಸಿದರು. ನಾನೂ ಹಾಕಿದೆ.

ಪದಕ ಬೇಡವೆಂದು ಅವರೇ ಬರೆದು ತಿಳಿಸಿದರು. ವಿದ್ಯಾಪೀಠದ ಸಮಿತಿ ನನ್ನ ಕಾವಲುಪದವಿಯನ್ನು ರದ್ದುಮಾಡಿತು; ಈ ತಿಂಗಳ ಕೊನೆಯವರೆಗೆ ಸಮಯ ಕೊಟ್ಟರು. ಅದಾದ ಮೇಲೆ ಮೂರು ಗುರುವಾರ ಅವರು ಬರಲಿಲ್ಲ. ನಾನು ಎರಡು ಬಟ್ಟಲು ಇಟ್ಟುಕೊಂಡು ಕುಳಿತು, ಒಂದನ್ನು ತೊಳೆಯದೆ ಒಳಗಿಟ್ಟು ಬಂದೆ. ನಾಲ್ಕನೆಯ ಗುರುವಾರ ಬಂದರು. ಸೂಪು ತಂದಿರಲಿಲ್ಲ, ನಿಮ್ಮ ಮೂರು ಉಬ್ಬುಗಳ ಹಳೆಯ ಗೆರೆಗಳನ್ನು ದೊಡ್ಡದಾಗಿ ಬರೆಸಿ ತಂದಿದ್ದರು. ನಲವತ್ತೊಂದು ವರ್ಷ ಅವುಗಳಲ್ಲಿ ಚಂದ್ರನನ್ನು ನೋಡಿದವರು, ಮೊದಲ ಸಲ ಮನುಷ್ಯರನ್ನು ಹುಡುಕಿದ್ದರು. ಮೊದಲ ವರ್ಷ ಒಂದು ನಿಂಬೆಹಣ್ಣು, ಒಂದು ಹೂವಿನಷ್ಟು ಭಾರ. ಎರಡನೆಯ ವರ್ಷ ಹಾರವೂ ಸೇರಿದೆ. ಮೂರನೆಯ ವರ್ಷದ ಉಬ್ಬಿನ ಮೇಲೆ ಅವರ ಬೆರಳು ನಿಂತಿತು. ಅದು ಒಂದೇ ಸಲಕ್ಕೆ ಎದ್ದಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಒಂದು ಮೆಟ್ಟಿಲು, ಒಂಬತ್ತೂವರೆಗೆ ಇನ್ನೊಂದು. ಎರಡನೆಯ ಮೆಟ್ಟಿಲಿನ ಹೂವು ಕಟ್ಟುವಾಗ ಗೆರೆ ಸ್ವಲ್ಪ ನಡುಗಿದೆ, ಅಭ್ಯಾಸವಿಲ್ಲದ ಕೈ. ಮೇಷ್ಟ್ರು ನನ್ನತ್ತ ನೋಡಿ ಎರಡು ಬೆರಳು ಎತ್ತಿ ತೋರಿಸಿದರು.

ಆ ದಿನವೇ ಹಿಂದಂಚೆಯ ವಿಷಯ ಅವರಿಗೆ ಹೇಳಿದೆ. ಕಟ್ಟಬೇಡಿ ಎಂದು ನಿಮಗೆ ಬರೆಯಲೇ ಎಂದು ಕೇಳಿದೆ. ಅವರು ಬೇಡವೆಂದು ತಲೆಯಾಡಿಸಿದರು. ಕಟ್ಟಲಿ, ತೂಗಿ ಕಟ್ಟಲಿ, ಬರೆದಿಡಲಿ ಎಂದರು. ಅವಳು ಬರೆದಿಟ್ಟರೆ, ಮೇಷ್ಟ್ರೇ, ನಿಮ್ಮ ನಾಲ್ಕು ಸಂಪುಟ ಹುಟ್ಟುವುದೇ ಇಲ್ಲ, ನೀವು ಈ ಕೋಣೆಗೆ ಬರುವುದೂ ಇಲ್ಲ, ನಾನು ಬಂದಾಗ ಇಲ್ಲಿ ಯಾರೂ ಇರುವುದಿಲ್ಲ ಎಂದೆ. ನನ್ನ ಮೂವತ್ತು ಮಾತುಗಳಲ್ಲಿ ಇದನ್ನು ಹೇಳಲು ಬಹಳ ಹೊತ್ತು ಹಿಡಿಯಿತು. ಅವರು ಪೂರ್ತಿ ಕೇಳಿದರು. ಗ್ರಾಮಿನಲ್ಲಿ ಬರೆಯಲಿ, ಎಂದರು.

ಆದ್ದರಿಂದ ಇದು ನಮ್ಮಿಬ್ಬರ ಕೋರಿಕೆ. ಈ ಅಕ್ಟೋಬರಿನಲ್ಲಿ ನೀವು ಕೊಂಡಿಗೆ ಕಟ್ಟಲು ಹೋಗುತ್ತೀರಿ. ಕಟ್ಟಿ. ಮೊದಲು ಪಕ್ಕದ ಕೋಣೆಯ ತಕ್ಕಡಿಯಲ್ಲಿ ತೂಗಿ, ಗಂಟೆ ನೋಡಿ ರಿಜಿಸ್ಟರಿನಲ್ಲಿ ಬರೆಯಿರಿ. ಸಂಜೆ ಹೂವು ಬಾಡಿದ ಮೇಲೆ ಇನ್ನೊಮ್ಮೆ ತೂಗಿ. ನೀವು ಹಾಗೆ ಮಾಡಿದರೆ ಹಾಲ್ವರ್ ಮೇಷ್ಟ್ರು ಬೇರೆ ಯಾವುದೋ ನಿಜವನ್ನು ಹಿಡಿದು ಸುಖವಾಗಿ ಮುದುಕರಾಗಿರುತ್ತಾರೆ, ನಾನು ಅವರನ್ನು ಬಸ್ಸಿನಲ್ಲಿ ಕಂಡರೂ ಗುರುತು ಹಿಡಿಯುವುದಿಲ್ಲ. ಹಾಗಾಯಿತೆಂದು ನನಗೆ ತಿಳಿಯುವುದೂ ಇಲ್ಲ. ಆಗ ನನಗೆ ಮೊದಲಿನಿಂದಲೂ ಹಾಗೆಯೇ ಇರುತ್ತದೆ. ಯೋಚಿಸಿಯೇ ಕೇಳುತ್ತಿದ್ದೇನೆ. ಅವರು ಈಗ ಕಿಟಕಿಯ ಬಳಿ ನಿಂತು, ಕಾಗದ ಎಷ್ಟು ಹೊತ್ತು ಬರೆಯುತ್ತೀ ಎಂದು ಗಡಿಯಾರ ತೋರಿಸುತ್ತಿದ್ದಾರೆ. ಹಡಗು ಹನ್ನೆರಡಕ್ಕೆ. ನನ್ನ ಚೀಲವನ್ನು ಅವರೇ ಹಿಡಿದುಕೊಂಡಿದ್ದಾರೆ.

ಇನ್ನೊಂದು ಕೋರಿಕೆ ನನ್ನದು ಮಾತ್ರ. ಮೂರನೆಯ ವರ್ಷ, ಅರ್ಧ ಗಂಟೆ ತಡವಾಗಿ ಬಂದು, ಅಭ್ಯಾಸವಿಲ್ಲದ ಕೈಯಲ್ಲಿ ಎರಡನೆಯ ಹೂವು ಕಟ್ಟಿದವರು ಯಾರೆಂಬುದನ್ನೂ ಬರೆದಿಡಿ. ಹೆಸರು ಸಾಕು. ನಿಮಗೆ ಈ ವಾರ ಅವರು ಯಾರೆಂದು ಗೊತ್ತಿರಲಾರದು, ಯಾರೂ ಬರುವುದಿಲ್ಲವೆಂದೇ ಅನ್ನಿಸುತ್ತಿರಬಹುದು. ಮುಂದಿನ ಎರಡು ವರ್ಷದ ನಿಮ್ಮ ಭಾನುವಾರಗಳನ್ನೆಲ್ಲ ನಾನು ಓದಿದ್ದೇನೆ, ಆದ್ದರಿಂದ ಸಮಾಧಾನದ ಮಾತು ಹೇಳುವುದಿಲ್ಲ. ಅಳೆದದ್ದನ್ನು ಹೇಳುತ್ತೇನೆ. ಅವರು ಬರುತ್ತಾರೆ, ರೇಣುಕಕ್ಕ. ಗೆರೆಯಲ್ಲಿದೆ.

ಇತಿ ನಿಮ್ಮ,
ಓಬಳೇಶ, ಚಳ್ಳಕೆರೆ
ನಿಮ್ಮ ಸರಳಿನ ಮಾಜಿ ಕಾವಲುಗಾರ